ಪ್ರಶ್ನೆ ಕೇಳದ ಕ್ಲಾಸು

ಹಕ್ಕಿನ ಪಾಠ ಮಾಡುವ ಮೇಷ್ಟ್ರಿಗೆ ಆ ಹಕ್ಕೇ ಎಲ್ಲಿ ಕಾಲಿಗೆ ತೊಡರುತ್ತದೆಂದು ಹೇಳಲಾಗದು. ಎಪ್ಪತ್ತರ ದಶಕದಲ್ಲಿ ಉಡುಪಿಯ ಕಾಲೇಜೊಂದರಲ್ಲಿ ಬಿ.ಎ. ಮಕ್ಕಳಿಗೆ ಮೂಲಭೂತ ಹಕ್ಕು, ಸಾಮಾಜಿಕ ನ್ಯಾಯ ಎಂದು ಗಂಟಲು ಹರಿದುಕೊಳ್ಳುತ್ತಿದ್ದೆ. ನನಗಿದ್ದದ್ದು ಒಂದೇ ಆಸೆ: ಯಾರಾದರೂ ಎದ್ದು ಒಂದು ಪ್ರಶ್ನೆ ಕೇಳಬೇಕು. ಹೊರಗೆ ತುಳು, ಬ್ಯಾರಿ, ಕೊಂಕಣಿಯಲ್ಲಿ ಅರಳು ಹುರಿದಂತೆ ಮಾತಾಡುವವರು ನನ್ನೆದುರು ಬಾಯಿಗೆ ಬೀಗ ಹಾಕುತ್ತಿದ್ದರು. ನಿವೃತ್ತನಾದ ಮೇಲೆ ಆ ಮೌನವೂ ಬೇಕೆನಿಸುತ್ತದೆ.

ಏಳಬೇಡಿ

"ನಾನು ಬಂದಾಗ ಎದ್ದು ನಿಲ್ಲಬೇಡಿ, ನಾವೆಲ್ಲ ಸಮಾನರು" ಎಂದು ಒಂದು ದಿನ ಅಪ್ಪಣೆ ಮಾಡಿದೆ. ಮರುದಿನ ನನ್ನ ಜೊತೆ ಪ್ರಿನ್ಸಿಪಾಲರೂ ಬಂದರು. ಒಬ್ಬರೂ ಏಳಲಿಲ್ಲ.

"ಇವರಿಗೆ ಎಂತ ಆಯಿತು ಮಾರಾಯ್ರೆ?"

ಸಮಾನತೆಯ ವಿಷಯ ವಿವರಿಸಿದೆ.

"ಒಳ್ಳೆಯದೇ. ಹಾಗಾದರೆ ನೀವೂ ಹೋಗಿ ಕೂತುಕೊಳ್ಳಿ" ಎಂದು ನನ್ನನ್ನು ಮುಂದಿನ ಬೆಂಚಿಗೆ ಕಳಿಸಿ, ಪೀರಿಯಡ್ ಪೂರ್ತಿ ಶಿಸ್ತಿನ ಬಗ್ಗೆ ಮಾತಾಡಿದರು. ಕೊನೆಗೆ "ಯಾರಿಗಾದರೂ ಪ್ರಶ್ನೆ ಉಂಟಾ?" ಎಂದರು. ನಾನೂ ಬಾಯಿ ಬಿಡಲಿಲ್ಲ.

ಕಾಪು ಬಸ್ಸು

ನನ್ನ ಮನೆ ಕಾಪುವಿನಲ್ಲಿ. ಅದೇ ಊರಿನ ಬ್ಯಾರಿ ಮನೆಯ ಹುಡುಗಿಯೊಬ್ಬಳು ನನ್ನ ಕ್ಲಾಸಿನ ಹಿಂದಿನ ಬೆಂಚಿನವಳು, ತುಟಿ ಪಿಟಕ್ಕೆನ್ನದವಳು. ಒಂದು ಸಂಜೆ ಬಸ್ಸಿನಲ್ಲಿ ನನ್ನನ್ನು ಕಂಡು ದಡಕ್ಕನೆ ಎದ್ದು ಸೀಟು ಬಿಟ್ಟಳು.

"ಕೂತುಕೊಳ್ಳಮ್ಮ, ಅದು ನಿನ್ನ ಹಕ್ಕು" ಎಂದೆ.

"ಬೇಡ ಸರ್."

ನಾನು ಅಲ್ಲೇ ಪಾಠ ಶುರುಮಾಡಿದೆ. ಉದ್ಯಾವರದಲ್ಲಿ ಖಾಲಿ ಬುಟ್ಟಿ ಹಿಡಿದು ಹತ್ತಿದ ಮೀನು ಮಾರುವ ಹೆಂಗಸು ಆ ಸೀಟಿನಲ್ಲಿ ಆರಾಮವಾಗಿ ಕೂತು, "ನೀವು ಮಾತಾಡಿ ಮಾಷ್ಟ್ರೆ, ನಾನು ಕೂತು ಕೇಳುತ್ತೇನೆ" ಎಂದಳು.

ಕಾಪುವಿನವರೆಗೆ ಮೇಷ್ಟ್ರು, ಶಿಷ್ಯೆ ಇಬ್ಬರೂ ನಿಂತೇ ಬಂದೆವು.

ಕೊನೆಯ ಪೀರಿಯಡ್

ಆ ವರ್ಷವೇ ನನಗೆ ಕಾರ್ಕಳದ ಕಾಲೇಜಿಗೆ ವರ್ಗವಾಯಿತು. ಉಡುಪಿಯಲ್ಲಿ ನನ್ನ ಕೊನೆಯ ಪಾಠ, ಊಟಕ್ಕೆ ಮೊದಲಿನ ಪೀರಿಯಡ್. ಬೆಲ್ಲಾದ ಮೇಲೂ ಎಳೆಯುವುದು ನನ್ನ ಹಳೇ ಚಾಳಿ. ಅಂದಂತೂ ಬಿಟ್ಟು ಹೋಗಲು ಮನಸ್ಸೇ ಇರಲಿಲ್ಲ. ಬೆಲ್ಲಾಯಿತು, ನಾನು ನಿಲ್ಲಿಸಲಿಲ್ಲ. ಆಗ ಹಿಂದಿನ ಬೆಂಚಿನಿಂದ ಆ ಹುಡುಗಿ ಎದ್ದಳು.

"ಸರ್, ಒಂದು ಪ್ರಶ್ನೆ."

ನನ್ನ ಎದೆ ತುಂಬಿ ಬಂತು. "ಕೇಳಮ್ಮ, ಕೇಳು!"

"ಬೆಲ್ಲಾದ ಮೇಲೆ ಊಟಕ್ಕೆ ಹೋಗುವ ಹಕ್ಕು ನಮಗೆ ಉಂಟಾ ಸರ್?"

ಕ್ಲಾಸು ಗೊಳ್ಳೆಂದಿತು. ನಾನೂ ನಕ್ಕು, "ಖಂಡಿತ ಉಂಟು, ಹೋಗಿ" ಎಂದು ಪುಸ್ತಕ ಮುಚ್ಚಿದೆ. ಕಣ್ಣು ಮಂಜಾಗಿತ್ತು.

ಒಬ್ಬರೂ ಏಳಲಿಲ್ಲ.

"ಎಂತ, ಹೋಗುವುದಿಲ್ವಾ?"

"ಹಕ್ಕು ಉಂಟೋ ಇಲ್ವೋ ಎಂದು ತಿಳಿದುಕೊಂಡದ್ದು ಮಾತ್ರ ಸರ್" ಎಂದು ಆ ಹುಡುಗಿ ಕೂತಳು. "ನೀವು ಪಾಠ ಮಾಡಿ."