ದುರುಗೇಶನ ಒಂದು ದಿನದ ಒಂಬತ್ತನೇ ಕ್ಲಾಸು

ದುರುಗೇಶನ ಮೀಸೆ ಹೋದದ್ದು ಶೇಂಗಾ ಬೆಳೆಯ ದೆಸೆಯಿಂದ.

ಆ ವರ್ಷ ಚಳ್ಳಕೆರೆ ಸೀಮೆಯಲ್ಲಿ ಮಳೆ ಹದವಾಗಿ ಬಿದ್ದು, ಗಿಡದ ಬುಡದಲ್ಲಿ ಗೊಂಚಲು ಗೊಂಚಲು ಕಾಯಿ ಕಟ್ಟಿತ್ತು. ಕೀಳಲು ಆಳು ಸಾಲದೆ ಗುಂಡ್ಲಹಟ್ಟಿ ಹೈಸ್ಕೂಲಿನ ಹುಡುಗರೆಲ್ಲ ಹೊಲ ಸೇರಿದ್ದರು. ಒಂಬತ್ತನೇ ಕ್ಲಾಸಿನಲ್ಲಿ ಗೋಡೆಯ ಮೇಲಿನ ಭೂಪಟವೊಂದೇ ತಪ್ಪದೆ ಹಾಜರಾಗುತ್ತಿತ್ತು. ಸರಿಯಾಗಿ ಅದೇ ಹೊತ್ತಿಗೆ ಸುದ್ದಿ ಬಂತು: ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಕೆಲವು ಶಾಲೆಗಳಲ್ಲಿ ಹದಿಹರೆಯದ ಮಕ್ಕಳ ಮೈ ಹೇಗಿದೆ, ಮನಸ್ಸು ಹೇಗಿದೆ ಎಂದು ಸಂಶೋಧನೆ ಮಾಡಲು ಬೆಂಗಳೂರಿನಿಂದ ಬರುತ್ತಾರೆ, ಗುಂಡ್ಲಹಟ್ಟಿಯೂ ಅದರಲ್ಲಿ ಸೇರಿದೆ.

ಹೆಡ್‌ಮಾಸ್ಟರ್ ಜಂಬುಲಿಂಗಪ್ಪನವರು ಸರ್ವೀಸಿನುದ್ದಕ್ಕೂ ಇನ್ಸ್‌ಪೆಕ್ಷನ್ ಕಂಡವರು, ಸಂಶೋಧನೆ ಕಂಡವರಲ್ಲ. ಅವರ ಪಾಲಿಗೆ ಹೊರಗಿನಿಂದ ಜೀಪು ಬಂದರೆ ಅದು ಇನ್ಸ್‌ಪೆಕ್ಷನ್ನೇ. ಅದಕ್ಕೆ ಮದ್ದೂ ಗೊತ್ತಿತ್ತು: ಬೆಂಚು ತುಂಬಿಸುವುದು, ಮಕ್ಕಳಿಗೆ ಉತ್ತರ ಕಲಿಸಿಡುವುದು. ಜೀಪು ತಿರುಗಿದ ಮೇಲೆ ಶಾಲೆ ಮತ್ತೆ ನಿದ್ದೆ ಹೋಗಬಹುದು.

ಜೀಪು ಬರುವ ದಿನ ಬೆಳಗ್ಗೆಯೇ ಗಣಿತದ ಹಾಲೇಶಪ್ಪ ಮೇಷ್ಟ್ರು ಮೊಪೆಡ್ ಹತ್ತಿ ಹೊಲಹೊಲ ಸುತ್ತಿ, ಮೊಣಕಾಲವರೆಗೆ ಮಣ್ಣಾದ ಹುಡುಗರನ್ನು ಹಿಡಿದು ತಂದರು. ಆದರೂ ಒಂದು ಬೆಂಚಿನ ತುದಿ ಖಾಲಿ ಉಳಿಯಿತು. ಅಷ್ಟರಲ್ಲಿ ಗೇಟಿನ ಬಳಿ ದುರುಗೇಶ ಕಂಡ.

ಹದಿನೆಂಟರ ಹುಡುಗ. ಮೂರು ವರ್ಷದ ಹಿಂದೆ ಇದೇ ಶಾಲೆಯ ಒಂಬತ್ತನೇ ಕ್ಲಾಸಿನಿಂದ ಸಿಟ್ಟಿನಲ್ಲಿ ಎದ್ದು ಹೋದವನು, ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಚೀಲ ಹೊರುತ್ತಿದ್ದ. ಅವನ ಸಿಟ್ಟು ಒಲೆಯ ಮೇಲಿಟ್ಟು ಮರೆತ ಹಾಲಿನಂಥದ್ದು. ಯಾವಾಗ ಉಕ್ಕುತ್ತದೆಂದು ಅವನಿಗೂ ಗೊತ್ತಿರಲಿಲ್ಲ. ಶಾಲೆಯ ಜವಾನ ರಿಟೈರಾಗಿದ್ದಾನೆ, ಆ ಜಾಗಕ್ಕೆ ಹೆಡ್‌ಮಾಸ್ಟರೇ ದಿನಗೂಲಿ ಮೇಲೆ ಒಬ್ಬರನ್ನು ತಗೊಳ್ಳುತ್ತಾರೆ ಎಂದು ಕೇಳಿ ಬಂದಿದ್ದ. ನೆರಳಿನ ಕೆಲಸ, ಕೂರಲು ಸ್ಟೂಲು, ಬೆನ್ನ ಮೇಲೆ ಚೀಲವಿಲ್ಲ. ಅದೊಂದು ಸಿಕ್ಕರೆ ಲೋಕದ ಮೇಲಿನ ಅರ್ಧ ಸಿಟ್ಟನ್ನು ಬಿಟ್ಟುಕೊಡಲು ಅವನು ತಯಾರಿದ್ದ.

"ಕೆಲ್ಸ ನಿಂದೇ ಅಂತ ತಿಳ್ಕಾ," ಎಂದರು ಜಂಬುಲಿಂಗಪ್ಪ. "ಇವತ್ತೊಂದಿನ ಮಾತ್ರ ಒಂಬತ್ತನೇ ಕ್ಲಾಸ್ನಾಗೆ ಕೂತ್ಕಾ."

"ನಾನಾ? ಇಸ್ಕೂಲು ಬಿಟ್ಟು ಮೂರು ವರ್ಸ ಆತಲ್ರಿ ಸಾ!"

"ನೀನು ಬಿಟ್ಟಿದೀಯ. ಇಸ್ಕೂಲು ನಿನ್ನ ಬಿಟ್ಟಿಲ್ಲ. ಹಾಜರಿ ಪುಸ್ತಕದಾಗೆ ನಿನ್ನ ಹೆಸರು ಇನ್ನೂ ಐತೆ. ಹೊಡೆದು ಹಾಕಿದ್ರೆ ಮಕ್ಕಳು ಕಮ್ಮಿ ಆಗ್ತಾರೆ. ಮಕ್ಕಳು ಕಮ್ಮಿ ಆದ್ರೆ ಒಬ್ಬ ಮೇಷ್ಟ್ರು ಕಮ್ಮಿ ಆಗ್ತಾರೆ."

ಹಾಗೆನ್ನುತ್ತ ಅವರು ಹಾಲೇಶಪ್ಪನವರ ಕಡೆ ನೋಡಿದರು. ಹಾಲೇಶಪ್ಪ ಆಕಾಶ ನೋಡಿದರು.

"ಆದ್ರೆ ಈ ಮೀಸೆ ಆಗಂಗಿಲ್ಲ ಸಾರ್," ಎಂದರು, ಆಕಾಶದಿಂದ ಇಳಿದು.

ಎಣ್ಣೆ ಹಚ್ಚಿ ಹಚ್ಚಿ ಸಾಕಿದ ಮೀಸೆ, ಹೆಡ್‌ಮಾಸ್ಟರ ಕೋಣೆಯಲ್ಲಿ ಹೆಡ್‌ಮಾಸ್ಟರದೇ ಬ್ಲೇಡಿಗೆ ಬಲಿಯಾಯಿತು. ಕನ್ನಡಿಯಲ್ಲಿ ನೋಡಿಕೊಂಡ ದುರುಗೇಶನಿಗೆ ತನ್ನ ಚಿಕ್ಕಮ್ಮ ಕಂಡಂತಾಯಿತು. ಆಟದ ಸಾಮಾನಿನ ಬೀರುವಿನಿಂದ ಒಂದು ನೀಲಿ ಚಡ್ಡಿ ಹುಡುಕಿ ಕೊಟ್ಟರು. ಹಾಕಿಕೊಂಡಾಗ ಅದು ಬಾಯಿತನಕ ತುಂಬಿ ದಬ್ಬಣ ಹಾಕಿ ಹೊಲಿದ ಶೇಂಗಾ ಚೀಲದಂತೆ ಬಿಗಿಯಿತು.

"ಉಸಿರು ಜೋರಾಗಿ ಎಳೀಬ್ಯಾಡ," ಎಂದರು ಹಾಲೇಶಪ್ಪ. ಆಮೇಲೆ ಇಡೀ ಕ್ಲಾಸಿಗೆ ಹೇಳಿದರು: "ಮೇಡಂ ಏನೇ ಕೇಳ್ಲಿ, ಚೆನ್ನಾಗೈತೆ ಮೇಡಂ ಅನ್ರಿ. ಅಷ್ಟೇ. ಬ್ಯಾರೆ ಮಾತು ಬಂತೋ, ಮೇಡಂ ಹೋದ ಮ್ಯಾಲೆ ನಾನಿರ್ತೀನಿ."

ಜೀಪಿನಿಂದ ಇಳಿದದ್ದು ಶಶಿರೇಖಾ ಎಂಬ ಒಬ್ಬರೇ ಮೇಡಂ. ಕಾಟನ್ ಸೀರೆ, ಹೆಗಲಿಗೆ ಚೀಲ, ಕೈಯಲ್ಲಿ ತೂಕದ ಯಂತ್ರ. ಸಿಡುಕು ಮುಖವನ್ನು ನಿರೀಕ್ಷಿಸಿದ್ದ ಜಂಬುಲಿಂಗಪ್ಪನವರಿಗೆ ಅವರ ನಗು ನೋಡಿ ಇನ್ನಷ್ಟು ಭಯವಾಯಿತು.

ಮೊದಲು ತೂಕ. ಹುಡುಗರು ಯಂತ್ರ ಹತ್ತಲು ನಾಚಿ, ಒಬ್ಬರನ್ನೊಬ್ಬರು ನೂಕುತ್ತ, ಮುಳ್ಳನ್ನು ಒಂದು ಕಡೆ ನಿಲ್ಲಗೊಡಲಿಲ್ಲ. ಕೆಲಸ ಹೀಗೆ ತೆವಳುವುದನ್ನು ದುರುಗೇಶ ಜನ್ಮದಲ್ಲಿ ಕಂಡಿರಲಿಲ್ಲ. ಎದ್ದವನೇ ಮೊದಲ ಹುಡುಗನ ಕಂಕುಳಿಗೆ ಕೈ ಹಾಕಿ ಎತ್ತಿ ಯಂತ್ರದ ಮೇಲಿಟ್ಟು, "ಲಾಭಾ..." ಎಂದು ಕೂಗಿದ. ಇಳಿಸಿ ಇನ್ನೊಬ್ಬನನ್ನು ಇಟ್ಟು, "ಎರಡೂ..." ಎಂದ.

"ಲಾಭ ಯಾಕಪ್ಪಾ?" ಎಂದು ಕೇಳಿದರು ಶಶಿರೇಖಾ.

"ಮೊದಲನೇದಕ್ಕೆ ಒಂದು ಅನ್ನಂಗಿಲ್ಲ ಮೇಡಂ. ಲಾಭ ಅನ್ನಬೇಕು."

"ಯಾರಿಗೆ ಲಾಭ?"

"ಮಿಲ್ ಮಾಲೀಕಂಗೆ..." ಎಂದವನು ನಾಲಿಗೆ ಕಚ್ಚಿಕೊಂಡ.

"ಲೆಕ್ಕದಾಗೆ ಬಲು ಚುರುಕು ಹುಡುಗ ಮೇಡಂ," ಎಂದು ಜಂಬುಲಿಂಗಪ್ಪ ನಡುವೆ ನುಗ್ಗಿದರು. ಹಾಲೇಶಪ್ಪನವರಿಗೆ ಕೆಮ್ಮು ಬಂತು.

ಮೇಡಂ ದುರುಗೇಶನನ್ನು ಮೇಲಿಂದ ಕೆಳಗೆ ನೋಡಿದರು. "ವಯಸ್ಸು?"

"ಹದಿನೈದು."

"ನಿಜ ಹೇಳು. ಹತ್ತೊಂಬತ್ತರ ತನಕ ಯಾರಿದ್ರೂ ನಮ್ಮ ಸಂಶೋಧನೆಗೆ ಬರ್ತಾರೆ."

"ಹದಿನೆಂಟು." ಒಂದು ಗಳಿಗೆ ತಡೆದು ಕೇಳಿದ: "ಹಂಗಾರೆ ಮೀಸೆ ಇದ್ರೂ ನಡೀತಿತ್ತೇನ್ರಿ?"

"ಧಾರಾಳವಾಗಿ."

ದುರುಗೇಶ ನಿಧಾನಕ್ಕೆ ಹೆಡ್‌ಮಾಸ್ಟರ ಕಡೆ ತಿರುಗಿದ. ಅವರಿಗೆ ಆ ಕ್ಷಣದಲ್ಲೇ ಭೂಪಟದಲ್ಲಿ ಏನೋ ಹುಡುಕುವ ತುರ್ತು ಬಂದಿತ್ತು.

ಮೇಡಂ ಎತ್ತರ ಅಳೆಯುತ್ತಿರುವಾಗ ಬಾಗಿಲಲ್ಲಿ ಗದ್ದಲವಾಯಿತು. ದುರುಗೇಶನ ತಾಯಿ ಹುಚ್ಚಕ್ಕ, ಸೆರಗಿನ ತುಂಬ ಹಸಿ ಶೇಂಗಾ ಕಟ್ಟಿಕೊಂಡು ಹೊಲದಿಂದ ನೇರವಾಗಿ ಓಡಿ ಬಂದಿದ್ದಳು. ಊರಿನ ಬಾಯಿ ಮೊಪೆಡ್ಡಿಗಿಂತ ಚುರುಕು.

"ನಾ ಬಂಗಾರು ಕೊಡುಕಾ!" ಎಂದು ಮಗನ ಗಲ್ಲ ಹಿಡಿದಳು. ಖುಷಿಯಾಗಲಿ ಜಗಳವಾಗಲಿ, ಅವಳಿಗೆ ಮೊದಲು ಬರುತ್ತಿದ್ದುದು ತೆಲುಗು. "ನನ್ನ ಬಂಗಾರದ ಮಗ ಮತ್ತೆ ಇಸ್ಕೂಲಿಗೆ ಬಂದ! ಮೂರು ವರ್ಸ ಹರಕೆ ಹೊತ್ತಿದ್ದೆ ಕಣವ್ವಾ! ಅಯ್ಯೋ, ಮೀಸೆ ಎಲ್ಲೋ?"

"ಅವ್ವಾ, ಮನಿಗೆ ಹೋಗು," ಎಂದ ದುರುಗೇಶ, ಹಲ್ಲು ಕಚ್ಚಿ.

"ಮೂರು ವರ್ಷ ಅಲ್ಲ ಮೇಡಂ, ಮೂರು ದಿನ," ಎಂದರು ಜಂಬುಲಿಂಗಪ್ಪ. "ಜ್ವರ ಬಂದಿತ್ತು. ತಾಯಿ ಕರುಳು ನೋಡಿ, ದಿನ ವರ್ಷ ಆಗಿ ಕಾಣುತ್ತೆ."

ಶಶಿರೇಖಾ ಹುಚ್ಚಕ್ಕ ಕೊಟ್ಟ ಶೇಂಗಾ ತಗೊಂಡು, ಒಬ್ಬೊಬ್ಬ ಹುಡುಗನನ್ನೇ ಹೊಂಗೆ ಮರದ ಕೆಳಗೆ ಕರೆದು ಮಾತಾಡಿಸತೊಡಗಿದರು.

"ರಾತ್ರಿ ನಿದ್ದೆ ಬರುತ್ತಾ?" "ಚೆನ್ನಾಗೈತೆ ಮೇಡಂ." "ತಲೆನೋವು?" "ಚೆನ್ನಾಗೈತೆ ಮೇಡಂ." "ನಿನ್ನನ್ನ ಯಾರಾದ್ರೂ ಹೊಡೀತಾರಾ?" "ಚೆನ್ನಾಗೈತೆ ಮೇಡಂ." ಮೇಡಂ ಪೆನ್ನು ಮುಚ್ಚಿ ಹಣೆ ಒತ್ತಿಕೊಂಡರು. ಹಿಂಗೇ ಆದರೆ ಈ ಶಾಲೆಯನ್ನು ಬಿಟ್ಟು ಬೇರೆ ಶಾಲೆ ನೋಡಬೇಕಾಗುತ್ತದೆ ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಕೊನೆಗೆ ದುರುಗೇಶ ಬಂದ. ಚಡ್ಡಿಯ ಭಯಕ್ಕೆ ಕೂರಲಿಲ್ಲ, ನಿಂತೇ ಇದ್ದ.

"ಕಳೆದ ವಾರ ಸಿಟ್ಟು ಬಂದಿತ್ತಾ?"

"ಚೆನ್ನಾಗೈತೆ ಮೇಡಂ."

"ಬೇಜಾರಾದ್ರೆ ಈ ಶಾಲೇಲಿ ನಿನ್ನ ಮಾತು ಕೇಳೋರು ಯಾರಾದ್ರೂ ಇದಾರಾ?"

ಚೆನ್ನಾಗೈತೆ ಎನ್ನಲು ದುರುಗೇಶ ಬಾಯಿ ತೆರೆದ. ಇಂಥ ಪ್ರಶ್ನೆಯನ್ನು ಅವನಿಗೆ ಯಾರೂ ಯಾವತ್ತೂ ಕೇಳಿರಲಿಲ್ಲ. ಜವಾನನ ಸ್ಟೂಲು ಕಣ್ಣ ಮುಂದೆ ಬಂತು. ಆದರೆ ಅಷ್ಟರಲ್ಲಿ ಹಾಲು ಉಕ್ಕಿತ್ತು.

"ಯಾರು ಕೇಳ್ತಾರ್ರಿ ಇಲ್ಲಿ? ಲೆಕ್ಕದ ಕ್ಲಾಸ್ನಾಗೆ ನಾನು ಎಕ್ಸ್ ಅಂದ್ರೆ ಏನು ಸಾ ಅಂತ ಕೇಳಿದ್ದಕ್ಕೆ ಹುಡುಗೇರ ಮುಂದೆ ಮಂಡಿ ಊರಿಸಿದ್ರು! ಗೊತ್ತಿಲ್ದಿದ್ರೆ ತಾನೇ ಕೇಳೋದು? ಅವತ್ತು ಎದ್ದು ಹೋದೋನು ಮೂರು ವರ್ಸ ಚೀಲ ಹೊತ್ತೀನಿ. ಜ್ವರಾನೂ ಇಲ್ಲ, ಗಿರವೂ ಇಲ್ಲ. ಕಕ್ಕಸಿಗೆ ಬಾಗಿಲಿಲ್ಲ ಅಂತ ಹುಡುಗೇರು ಸಂಜೆ ತನಕ ನೀರು ಕುಡಿಯಲ್ಲ, ಅದನ್ನ ಯಾರಾದ್ರೂ ಕೇಳ್ಯಾರಾ? ಬಡಿಯಾಕೆ ಬಡಿಗೆ ಒಂದೈತೆ, ಮಾತು ಕೇಳೋರು ಮಾತ್ರ ಸೊನ್ನೆ!"

ಕಿಟಕಿಯ ಹಿಂದೆ ನಿಂತು ಕೇಳುತ್ತಿದ್ದ ಜಂಬುಲಿಂಗಪ್ಪ ಅಲ್ಲೇ ಕುಸಿದು ಕೂತರು. ಅವರ ಪಕ್ಕದಲ್ಲಿದ್ದ ಹಾಲೇಶಪ್ಪ ಮಾತ್ರ ನಿಂತೇ ಇದ್ದರು, ಮುಖ ಕೆಳಗೆ ಹಾಕಿ.

"ಹಾಗಾದ್ರೆ ಇವತ್ತು ಯಾಕೆ ತಿರುಗಿ ಬಂದೆ?" ಎಂದು ಮೆಲ್ಲಗೆ ಕೇಳಿದರು ಶಶಿರೇಖಾ.

ದುರುಗೇಶನಿಗೆ ಆಗ ಎಚ್ಚರವಾಯಿತು. ಜವಾನನ ಕೆಲಸದಾಸೆಗೆ ಬಂದೆ ಎಂದರೆ ಇದ್ದಬದ್ದ ಆಸೆಯೂ ಮುಗಿಯುತ್ತದೆ. ಅಲ್ಲಿಯವರೆಗೆ ಮನಸ್ಸಿನಲ್ಲಿದ್ದುದನ್ನೆಲ್ಲ ಕಕ್ಕಿದವನು ಈಗ ಒಂದು ಸುಳ್ಳು ಹೇಳಿದ.

"ಓದಬೇಕು ಅನ್ನಿಸ್ತು ಮೇಡಂ."

ಶಶಿರೇಖಾ ಮೇಡಂ ಹೆಡ್‌ಮಾಸ್ಟರ ಕೋಣೆಗೆ ಬಂದಾಗ ಜಂಬುಲಿಂಗಪ್ಪ ಕೈ ಮುಗಿದುಕೊಂಡೇ ನಿಂತಿದ್ದರು.

"ತುಂಬ ಸಂತೋಷ ಆಯ್ತು ಸಾರ್," ಎಂದರು ಮೇಡಂ. "ಆ ಒಬ್ಬ ಹುಡುಗನಿಂದ ನಿಮ್ಮ ಶಾಲೆ ನಮ್ಮ ಸಂಶೋಧನೇಲಿ ಉಳೀತು. ಬಿಟ್ಟು ಹೋಗಿ, ತಾನಾಗೇ ತಿರುಗಿ ಬಂದ ಹುಡುಗ ಬೇರೆ ಯಾವ ಶಾಲೇಲೂ ನಮಗೆ ಸಿಕ್ಕಿಲ್ಲ. ಆ ಕಕ್ಕಸಿನ ಬಾಗಿಲು ಮುಂದಿನ ಸಲ ಬರೋ ಹೊತ್ತಿಗೆ ಆಗಿರಲಿ."

"ಮುಂದಿನ ಸಲ?"

"ಇದು ಇನ್ಸ್‌ಪೆಕ್ಷನ್ ಅಲ್ಲ ಸಾರ್, ಬಂದು ಹೋಗೋಕೆ. ಇದೇ ಮಕ್ಕಳನ್ನ ಆಗಾಗ ಬಂದು ನೋಡ್ತಾನೇ ಇರ್ತೀವಿ, ಹತ್ತನೇ ಕ್ಲಾಸು ಮುಗಿಯೋವರೆಗೂ. ದುರುಗೇಶ ಮಾತ್ರ ತಪ್ಪಿಹೋಗಬಾರದು. ಅವನು ನಿಮ್ಮ ಜವಾಬ್ದಾರಿ."

ಜೀಪಿನ ಧೂಳು ಇನ್ನೂ ಅಡಗಿರಲಿಲ್ಲ, ದುರುಗೇಶ ತನ್ನ ಪ್ಯಾಂಟು ಕೈಯಲ್ಲಿ ಹಿಡಿದು ಬಂದ. "ಸಾ, ನಾಳಿಂದ ಕೆಲ್ಸಕ್ಕೆ ಎಷ್ಟೊತ್ತಿಗೆ ಬರಲಿ?"

"ಒಂಬತ್ತನೇ ಕ್ಲಾಸಿನ ಹುಡುಗನ್ನ ಜವಾನ ಮಾಡಾಕೆ ಬರುತ್ತೇನೋ?" ಎಂದರು ಜಂಬುಲಿಂಗಪ್ಪ, ಬೆವರು ಒರೆಸಿಕೊಳ್ಳುತ್ತ. "ಪುಸ್ತಕ ತಗಂಡು ಬಾ."

"ಒಂದಿನ ಅಂದಿದ್ರಿ!"

"ಓದಬೇಕು ಅನ್ನಿಸ್ತು ಅಂದೋರ್ಯಾರು?"

ಪಕ್ಕದಲ್ಲಿದ್ದ ಹಾಲೇಶಪ್ಪ ಗಂಟಲು ಸರಿಮಾಡಿಕೊಂಡರು. "ಬಾರೋ ದುರುಗೇಶ. ಏನಿದ್ರೂ ಕೇಳು, ನಿಂತ್ಕಂಡೇ ಕೇಳು." ಅಷ್ಟು ಹೇಳುವುದಕ್ಕೆ ಅವರಿಗೆ ಗಣಿತದ ಇಡೀ ಪುಸ್ತಕ ಬಾಯಿಪಾಠ ಒಪ್ಪಿಸಿದಷ್ಟು ಆಯಾಸವಾಯಿತು.

ದುರುಗೇಶ ಬೈಯಲು ಎತ್ತಿಟ್ಟುಕೊಂಡಿದ್ದ ಮಾತೆಲ್ಲ ಎಲ್ಲೋ ಚೆದುರಿತು. ಇಲ್ಲಿಂದ ಮೊದಲು ಹೊರಗೆ ಬೀಳಬೇಕು, ಚಳ್ಳಕೆರೆ ಬಸ್ಸು ಹಿಡಿಯಬೇಕು ಎಂದು ಗೇಟಿನ ಕಡೆ ಸರಸರ ನಡೆದ. ಗೇಟಿಗೆ ಬೀಗ ಬಿದ್ದಿತ್ತು. ಪಕ್ಕದಲ್ಲಿ ಜವಾನನ ಸ್ಟೂಲು. ಸ್ಟೂಲಿನ ಮೇಲೆ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹುಚ್ಚಕ್ಕ ಕೂತಿದ್ದಳು.

"ಅವ್ವಾ! ನೀನೇನು ಮಾಡ್ತಿದೀಯ ಇಲ್ಲಿ?"

"ಹೆಡ್‌ಮಾಸ್ಟ್ರು ಈಗಿಂದೀಗ್ಲೇ ಕೆಲ್ಸಕ್ಕೆ ತಗಂಡ್ರು ಕಣೋ. ನಿನ್ನ ಕಾಯಾಕೆ ನನಗಿಂತ ಗಟ್ಟಿ ಜವಾನ ಸಿಗಲ್ಲ ಅಂದ್ರು. ಇನ್ನ ಕೂಲಿ ಚಿಂತೆ ನಂದು. ನೀನು ಓದ್ಕಾ."

"ಬಾಗ್ಲು ತೆಗಿಯವ್ವ."

"ಗಂಟೆ ಹೊಡೆದಿಲ್ಲ ಇನ್ನೂ."

"ಹೊಡಿ ಮತ್ತೆ!"

"ಹೊಡೀತೀನಿ," ಎಂದು ಹುಚ್ಚಕ್ಕ ಒಂದು ಶೇಂಗಾ ಒಡೆದು ಬಾಯಿಗೆ ಹಾಕಿಕೊಂಡಳು. "ಟೈಮಾಗ್ಲಿ. ಒಳಗೆ ಹೋಗು."