ಮಾವನ ಕಾರಿನ ಮಡಕೆ ಸ್ಪೀಕರು

ನನ್ನ ಸೋದರಮಾವನ ಹತ್ತಿರ ಕಾರಿರಲಿಲ್ಲ. ನಾಲ್ಕು ಚಕ್ರ ಇರುವ ಒಂದು ರೇಡಿಯೋ ಇತ್ತು!

ನಂಬಿಕೆ ಬಾರದಿದ್ದರೆ ರಾಜಾಜಿನಗರದ ನಮ್ಮ ಬೀದಿಯ ಹಳಬರನ್ನು ಕೇಳಿ. ಅವರಲ್ಲಿ ಅರ್ಧ ಜನ ಅದನ್ನು ತಳ್ಳಿದವರೇ. ಹಳೆಯ ಅಂಬಾಸಿಡರ್, ಬಣ್ಣ ಬೂದಿ ಎನ್ನುತ್ತೇನೆ ನಾನು, ಹಸಿರು ಎನ್ನುತ್ತಾಳೆ ನನ್ನ ತಂಗಿ. ಎಪ್ಪತ್ತರ ದಶಕದ ನಡುವಿನ ಮಾತು. ಇದನ್ನು ನಾನು ಮೊದಲಿನಿಂದ ಕೊನೆಯವರೆಗೆ ಅಚ್ಚುಕಟ್ಟಾಗಿ ಹೇಳಿಬಿಟ್ಟರೆ ದಯವಿಟ್ಟು ಅನುಮಾನಪಡಿ. ಆ ಮೂರು ತಿಂಗಳು ನಾನು ಭಯದಲ್ಲಿದ್ದೆ. ಭಯಪಟ್ಟವರ ತಲೆಯಲ್ಲಿ ಏನು ತಾನೇ ಸಾಲಾಗಿ ಕೂತಿರುತ್ತದೆ?

ಭಯ ಯಾಕೆ? ನನ್ನದು ಚೊಚ್ಚಲ ಬಸಿರು, ಹೆರಿಗೆಗೆಂದು ತವರಿಗೆ ಬಂದಿದ್ದೆ. ಆಸ್ಪತ್ರೆ ಮಲ್ಲೇಶ್ವರದಲ್ಲಿ. ಇಡೀ ಬೀದಿಗೆ ಒಂದೇ ಕಾರು, ಎರಡು ಮನೆ ಆಚೆಗಿದ್ದ ಮಾವನದು. ನೋವು ಕಾಣಿಸಿಕೊಂಡಾಗ ಅದು ಹೊರಡಬೇಕು. ಇಷ್ಟೇ ನನಗೆ ಬೇಕಾಗಿದ್ದದ್ದು. ಹೊರಡುವುದೋ ಇಲ್ಲವೋ ಎಂಬುದು ಬ್ಯಾಟರಿಗೆ ಬಿಟ್ಟದ್ದು, ಬ್ಯಾಟರಿಯನ್ನೋ ಮಾವ ರೇಡಿಯೋಗೆ ಧಾರೆಯೆರೆದು ಕೊಟ್ಟಿದ್ದರು.

ಕಾರಿನ ಜೊತೆಗೇ ಬಂದ ರೇಡಿಯೋಗೆ ಡ್ಯಾಶ್‌ಬೋರ್ಡಿನ ಕೆಳಗೆ ಒಂದೇ ಸ್ಪೀಕರು. ನಮಗೆಲ್ಲ ಚೆನ್ನಾಗಿಯೇ ಕೇಳಿಸುತ್ತಿತ್ತು. ಮಾವ ಒಪ್ಪಲಿಲ್ಲ.

“ಇದು ವಾರ್ತೆ ಓದ್ತಾ ಇಲ್ಲ ಕಣೇ. ನನ್ನ ಮೊಣಕಾಲಿಗೆ ಗುಟ್ಟು ಹೇಳ್ತಾ ಇದೆ!”

ಸರಿ, ಎಡಗಡೆ ಬಾಗಿಲಿಗೊಂದು ಸ್ಪೀಕರು ಬಂತು. ಆ ಕಿಟಕಿಯ ಗಾಜು ಆಮೇಲೆ ಎಂದೂ ಇಳಿಯಲಿಲ್ಲ. ಬಲಗಡೆಗೂ ಒಂದು ಬಂತು, ಆ ಗಾಜು ಎಂದೂ ಏರಲಿಲ್ಲ. ಆಗ ರೇಡಿಯೋಗೆ ಪೋಸ್ಟಾಫೀಸಿನಲ್ಲಿ ಲೈಸೆನ್ಸು ಮಾಡಿಸಬೇಕಿತ್ತಲ್ಲ, ಕಾನೂನಿಗೆ ಹೆದರುವ ಮನುಷ್ಯ ನಮ್ಮ ಮಾವ, ಪ್ರತಿ ಸ್ಪೀಕರಿಗೂ ಅಲ್ಲಿಗೆ ಹೋಗಿ ವಿಚಾರಿಸಿದರು. ಕಿಟಕಿಯಾಚೆಯ ಗುಮಾಸ್ತನಿಗೆ ಸಾಕಾಗಿ ಹೋಯಿತು.

“ಸಾರ್, ಸ್ಪೀಕರ್ ಎಷ್ಟಾದ್ರೂ ಹಾಕ್ಕೊಳ್ಳಿ, ಲೈಸೆನ್ಸ್ ಒಂದೇ!”

ಹೇಳಬಾರದಿತ್ತು. ಸರ್ಕಾರವೇ ಬೇಡಿಕೊಂಡಿದೆ ಎನ್ನುವ ಮುಖ ಮಾಡಿಕೊಂಡು ಮಾವ ಮನೆಗೆ ಬಂದರು.

ಸ್ಪೀಕರು ಹೆಚ್ಚಾದ ಮೇಲೆ ರೇಡಿಯೋದ ದಮ್ಮು ಸಾಲಲಿಲ್ಲ. ಕಾಮಾಕ್ಷಿಪಾಳ್ಯದ ವರ್ಕ್‌ಶಾಪೊಂದರಲ್ಲಿ ತಗಡಿನ ಪೆಟ್ಟಿಗೆ ಮಾಡಿಸಿ, ಒಳಗೆ ತಾವೇ ಆಂಪ್ಲಿಫೈಯರ್ ಜೋಡಿಸಿ, ಮುಂದಿನ ಸೀಟಿನ ಕೆಳಗೆ ಕೂರಿಸಿದರು. ಅದರ ವೈರು ನೇರವಾಗಿ ಬ್ಯಾಟರಿಗೆ. ಮಧ್ಯೆ ಸ್ವಿಚ್ಚಿಲ್ಲ! ಸ್ವಿಚ್ಚಿಟ್ಟರೆ ಧ್ವನಿ ಸೋರುತ್ತದಂತೆ. ಕಾರು ನಿಂತಿದ್ದರೂ ಪೆಟ್ಟಿಗೆ ಬೆಚ್ಚಗಿರುತ್ತಿತ್ತು. ಅದರ ಮೇಲೆ ಕೂತ ಅಮ್ಮ ಗಳಿಗೆಗೊಮ್ಮೆ ಸೆರಗು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಒಂದು ಸಲ ಸುಟ್ಟ ವಾಸನೆ ಬಂದು ಅಮ್ಮ ಚೀರಿದಾಗ ಮಾವ ಮೂಗರಳಿಸಿ ನೋಡಿ, “ಹೆದರ್ಬೇಡ ಅಕ್ಕ, ಇದು ರಬ್ಬರ್ ವಾಸನೆ. ವೈರ್ ಸುಟ್ರೆ ಬೇರೆ ಥರ ಇರುತ್ತೆ” ಎಂದರು.

“ಅಂದ್ರೆ ಅದೂ ಸುಟ್ಟಿದೆ ಅಂತಾಯ್ತು!” ಎಂದರು ಅಮ್ಮ.

ಇನ್ನು ಬೆಳಗಿನ ಉತ್ಸವ. ಮಾವ ಆಫೀಸಿಗೆ ಹೊರಡಲು ಕೀ ತಿರುಗಿಸಿದರೆ ‘ಟಕ್’ ಎಂದು ಒಂದೇ ಸದ್ದು. ಪಂಚೆ ಮೇಲೆ ಕಟ್ಟಿಕೊಂಡು ಅಕ್ಕಪಕ್ಕದ ಗಂಡಸರು ಬರುತ್ತಿದ್ದರು. “ಸಾರ್, ಒಂದು ಹಾಡಾದ್ರೂ ಹಾಕಿ, ತಳ್ಳೋಕೆ ಹುರುಪು ಬರುತ್ತೆ!” ಎಂದು ಎದುರುಮನೆಯವರು ತಮಾಷೆ ಮಾಡಿದರೆ, ಮಾವ ನಿಜವಾಗಿಯೂ ಹಾಕಿಬಿಟ್ಟರು! ಬೀದಿಯೆಲ್ಲ ನಕ್ಕಿತು. ನಾನು ವರಾಂಡದಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಸ್ನಾನ ಮಾಡುವಾಗಲೂ ಊಟ ಮಾಡುವಾಗಲೂ ಕೇಳಿಸುತ್ತಿದ್ದ ಆ ‘ಟಕ್’ ಅನ್ನೇ ಕೇಳುತ್ತಾ ಕೂತಿರುತ್ತಿದ್ದೆ.

ಎಂಟು ತಿಂಗಳು ತುಂಬಿದ ಮೇಲೆ ಒಂದು ಭಾನುವಾರ ಮಾವ ಎರಡು ಹೊಸ ಮಡಕೆ ತಂದರು. ಮಡಕೆಯ ಹೊಟ್ಟೆಯೊಳಗೆ ಸ್ಪೀಕರಿಟ್ಟರೆ ಧ್ವನಿ ಗುಂ ಎಂದು ತುಂಬಿ ಬರುತ್ತದೆಂದು ಯಾರೋ ಹೇಳಿದ್ದರಂತೆ. ಎರಡಕ್ಕೂ ದುಂಡಗೆ ತೂತು ಕೊರೆದರು, ಸ್ಪೀಕರು ಕೂರಿಸಿದರು, ಹಿಂದಿನ ಸೀಟಿನ ಬೆನ್ನಿಗೆ, ಗಾಜಿನ ಕೆಳಗೆ, ಬಟ್ಟೆಯ ಸಿಂಬಿ ಮಾಡಿ ಇಟ್ಟರು. ಆ ಸೀಟಿನಲ್ಲೇ ನಾನು ಆಸ್ಪತ್ರೆಗೆ ಹೋಗಬೇಕಾಗಿದ್ದದ್ದು.

ಅಜ್ಜಿ, ಎಂದರೆ ಮಾವನ ತಾಯಿ, ಹೊರಗೆ ಬಂದು ನೋಡಿದರು.

“ಮಡಕೆಗೆ ತೂತು ಮಾಡಿದೀಯೇನೋ?”

“ಒಂದೊಂದೇ ಅಮ್ಮ.”

ಅಜ್ಜಿ ಮೆಟ್ಟಿಲ ಮೇಲೆ ಕುಸಿದು ಕೂತರು. ನಮ್ಮಲ್ಲಿ ಹೊಸ ಮಡಕೆಗೆ ತೂತು ಮಾಡುವುದು ಒಂದೇ ಕಾರಣಕ್ಕೆ. ಸ್ಮಶಾನದಲ್ಲಿ, ನೀರು ತುಂಬಿದ ಮಡಕೆಯನ್ನು ಹೆಗಲ ಮೇಲಿಟ್ಟುಕೊಂಡು ಹೆಣವನ್ನು ಸುತ್ತುವಾಗ. ಇದು ತಿಳಿಯದವರು ಯಾರಿದ್ದಾರೆ? ತಮ್ಮ ತಂದೆಗೆ ಸ್ವತಃ ಮಡಕೆ ಹೊತ್ತ ಮಾವ ಮಾತ್ರ, ಆ ಭಾನುವಾರ, ಮರೆತಿದ್ದರು.

“ಬಸುರಿ ಹೆಂಗಸು ಕೂರೋ ಗಾಡೀಲಿ...” ಎಂದರು ಅಜ್ಜಿ.

“ಅಮ್ಮ, ಇದ್ರಲ್ಲಿ ನೀರಿಲ್ಲ, ಸ್ಪೀಕರ್ ಇದೆ!” ಎಂದು ಮಾವ ನಕ್ಕರು. ಇನ್ಯಾರೂ ನಗಲಿಲ್ಲ. ನಾನು ನಕ್ಕೆ ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದ್ದೇನೆ. ಬಿ.ಎಸ್ಸಿ. ಓದಿದವಳು, ಶಕುನವೆಂದರೆ ಮೂಗು ಮುರಿಯುವವಳು, ನಗಲೇಬೇಕಿತ್ತಲ್ಲ? ಈಗ ಯೋಚಿಸಿದರೆ ಆ ನಗೆಯನ್ನು ಆಮೇಲೆ ಸೇರಿಸಿಕೊಂಡಿದ್ದೇನೆ ಅನಿಸುತ್ತದೆ. ನಿಜವಾಗಿ ನೆನಪಿರುವುದು ಪಾದಗಳು ತಣ್ಣಗಾದದ್ದು.

ಮಡಕೆ ತೆಗೆಯಲು ಮಾವ ಒಪ್ಪಲಿಲ್ಲ. ಅಜ್ಜಿ ಮಗನೊಂದಿಗೆ ಮಾತು ಬಿಟ್ಟರು.

ನೋವು ಬಂದದ್ದು ಒಂದು ರಜೆಯ ದಿನ ಮಧ್ಯಾಹ್ನ, ಮಾವ ಊಟಕ್ಕೆ ಕೂತಿದ್ದಾಗ. ಎಂಜಲು ಕೈಯಲ್ಲೇ ಓಡಿ ಬಂದರು. ಅಜ್ಜಿ ಕಾರಿನ ಬಾಗಿಲಿಗೆ ಅಡ್ಡ ನಿಂತಿದ್ದರು. ವಾದ ಶುರುವಾಗುತ್ತದೆಂದು ನಾನು ಕಣ್ಣು ಮುಚ್ಚಿಕೊಂಡೆ. ಮಾವ ಎರಡೂ ಮಡಕೆ ಎತ್ತಿ ಚರಂಡಿಯ ಪಕ್ಕಕ್ಕಿಟ್ಟರು. ಸೀಟಿನ ಕೆಳಗಿನ ಪೆಟ್ಟಿಗೆಯನ್ನು ವೈರು ಸಮೇತ ಕಿತ್ತು ಬೀದಿಗೆ ಎಸೆದರು. ಕೀ ತಿರುಗಿಸಿದರು.

ಟಕ್.

ಕಾರು ತಳ್ಳಲು ಈ ಸಲ ಹೆಂಗಸರೂ ಬಂದರು ಎನ್ನುತ್ತಾರೆ ಅಮ್ಮ. ನನಗೆ ಕಂಡದ್ದು ಹಿಂದಿನ ಗಾಜಿಗೆ ಒತ್ತಿಕೊಂಡ ಕೈಗಳು ಮಾತ್ರ. ಇಳಿಜಾರಿನಲ್ಲಿ ಎಂಜಿನ್ ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ ಹಿಡಿದುಕೊಂಡಿತು.

ಆಸ್ಪತ್ರೆ ಮುಟ್ಟಿದೆವು, ಸಂಜೆಯಾಗುವ ಮೊದಲು ಮಗಳು ಹುಟ್ಟಿದಳು. ಅದರಲ್ಲಿ ಅನುಮಾನವಿಲ್ಲ, ಅವಳೇ ಸಾಕ್ಷಿ. ನಾನು ಹೇಳಬೇಕೆಂದಿರುವುದು ದಾರಿಯ ಸಂಗತಿ. ಕಾರಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದ ಅಮ್ಮನಿಗೆ ಅದು ನೆನಪೇ ಇಲ್ಲವಂತೆ.

ನನಗೆ ಹೆದರಿಕೆ ತಡೆಯಲಾಗಲಿಲ್ಲ. “ಮಾವ, ರೇಡಿಯೋ ಹಾಕಿ” ಎಂದೆ. ಹಳೆಯ ಸ್ಪೀಕರು ಇನ್ನೂ ಇತ್ತಲ್ಲ.

“ಬೇಡ ಕಣೇ.”

“ಜೋರಾಗಿ ಹಾಕಿ ಮಾವ, ಏನಾದ್ರೂ.”

ಮಾವ ಹಿಂದೆ ತಿರುಗಲಿಲ್ಲ. ಸ್ಟೀರಿಂಗ್ ಹಿಡಿದ ಕೈಗೆ ಅನ್ನದ ಅಗುಳು ಇನ್ನೂ ಅಂಟಿತ್ತು.

“ಹಾಕಿದ್ರೆ ನೀನು ನರಳೋದು ಕೇಳ್ಸಲ್ಲ. ಅದು ಕೇಳ್ಸದೇ ಹೋದ್ರೆ ನಾನು ಹೇಗಮ್ಮ ಓಡಿಸ್ಲಿ?”

ಅಲ್ಲಿಂದ ಮಲ್ಲೇಶ್ವರದವರೆಗೆ, ನೋವು ಬಿಟ್ಟಿದ್ದಾಗಲೂ, ಅವರಿಗೆ ಕೇಳಿಸುವಷ್ಟು ನರಳುತ್ತಲೇ ಇದ್ದೆ.