ಬೆರಳ ತುದಿಯಲ್ಲಿ ಸುರಗಿಯ ಹಾಡು

ಮನೆಯಲ್ಲಿ ಏನಾದರೂ ಕೆಟ್ಟರೆ ಬೇರೆಯವರಿಗೆ ಸಿಟ್ಟು ಬರುತ್ತದೆ, ನನಗೆ ಹಟ ಬರುತ್ತದೆ. ಮಿಕ್ಸರ್ ಇರಲಿ, ನೀರಿನ ಮೋಟರ್ ಇರಲಿ, ಅದರ ಮುಂದೆ ಮಣೆ ಹಾಕಿಕೊಂಡು ಕುಳಿತೆನೆಂದರೆ ಅದು ಸರಿಯಾಗಬೇಕು, ಇಲ್ಲವೇ ಪೂರ್ತಿ ಹಾಳಾಗಬೇಕು. ಎರಡನೆಯದೇ ಹೆಚ್ಚು ಎಂದು ನಮ್ಮ ಮನೆಯವರ ಅಭಿಪ್ರಾಯ. "ರಿಪೇರಿ ಅಂಗಡಿಯವ್ರು ನಿನಗ ವರ್ಷಕ್ಕೊಮ್ಮೆ ಸೀರಿ ಉಡಸಬೇಕು ನೋಡ. ಅಷ್ಟು ಗಿರಾಕಿ ಕಳಸ್ತಿ" ಎನ್ನುತ್ತಾರೆ. ಸೀರೆ ಇನ್ನೂ ಬಂದಿಲ್ಲ.

ಇಂಡಿ ಊರಿನ ನಮ್ಮ ಮನೆಯ ಒಳಕೋಣೆಯ ಗೂಡಿನಲ್ಲಿ ಒಂದು ಕರಿ ಡಬ್ಬಿ ಇದೆ. ಹಳೆಯ ಕಂಪ್ಯೂಟರಿಗೆ ದೊಡ್ಡ ಡಿಸ್ಕುಗಳನ್ನು ಹಾಕಿ ನಾನೇ ಜೋಡಿಸಿದ ಸರ್ವರ್ ಅದು. ಬಳಗದವರ ಫೋಟೊ, ವಿಡಿಯೊಗಳೆಲ್ಲ ಅದರ ಹೊಟ್ಟೆಯಲ್ಲಿವೆ. ಅದರಿಂದ ಹೊರಟ ಕೇಬಲ್ ಬಾಗಿಲ ಮೇಲೆ ಹಾಯ್ದು, ಪಡಸಾಲೆಯನ್ನು ಈ ಗೋಡೆಯಿಂದ ಆ ಗೋಡೆಗೆ ದಾಟಿ, ಟಿವಿ ಪಕ್ಕದ ರೂಟರ್ ಸೇರುತ್ತದೆ. ಡಬ್ಬಿಯ ಸ್ವಂತ ನೆಟ್‌ವರ್ಕ್ ಕಿಂಡಿ ಒಂದು ಗುಡುಗಿನ ಸಂಜೆ ಸುಟ್ಟುಹೋದದ್ದರಿಂದ, ಯಾರದೋ ಹಳೆಯ ನೆಟ್‌ವರ್ಕ್ ಕಾರ್ಡ್ ತಂದು ಒಳಗೆ ಸಿಗಿಸಿದ್ದೆ. ಅದರ ತಗಡು ನಮ್ಮ ಡಬ್ಬಿಯ ತೂತಿಗೆ ಕೂಡಲಿಲ್ಲ. ಸ್ಕ್ರೂ ಇಲ್ಲದೆ, ತನ್ನ ಹಲ್ಲಿನ ಬಲದಲ್ಲೇ ಅದು ಕಚ್ಚಿಕೊಂಡು ಕುಳಿತಿತ್ತು. ಬಾಡಿಗೆ ಮನೆಯಲ್ಲಿದ್ದವರ ಹಾಗೆ, ಇದ್ದಷ್ಟು ದಿನ ಸುಮ್ಮನೆ ಇತ್ತು.

ಸಿಂದಗಿಯ ನನ್ನ ನಾದಿನಿ ಗಂಗಾಳ ಮಗಳ ಮದುವೆಗೆ ಎರಡು ದಿನ ಉಳಿದಿತ್ತು. ತವರಿನ ಶಾವಿಗೆ ಒಯ್ಯಲು ಗಂಗಾ ಬಂದಿದ್ದಳು. ಶಾವಿಗೆಗಿಂತ ದೊಡ್ಡ ಕೆಲಸ ಇನ್ನೊಂದಿತ್ತು: ಸುರಗಿಯ ಹಾಡು ಕಲಿಯುವುದು. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಮದುಮಗಳನ್ನು ಕೂರಿಸಿ ನೀರೆರೆಯುವಾಗ ನಮ್ಮ ಮನೆತನದಲ್ಲಿ ಹಾಡುವ ಹಾಡು ಅದು. ಹಿರಿಯರ ಹೆಸರುಗಳೆಲ್ಲ ಅದರಲ್ಲಿ ಒಂದರ ಹಿಂದೊಂದು ಬರುತ್ತವೆ. ಪೂರ್ತಿ ಬರುತ್ತಿದ್ದದ್ದು ಇಂಗಳೇಶ್ವರದಲ್ಲಿದ್ದ ನಮ್ಮ ಅತ್ತೆಯ ತಂಗಿಗೆ, ಅಂದರೆ ಗಂಗಾಳ ಚಿಗವ್ವನಿಗೆ ಮಾತ್ರ. ಅವರು ಹೋಗಿಬಿಟ್ಟರು. ಹೋಗುವ ಮುಂಚೆ ಗಂಗಾ ಅವರಿಂದ ಹಾಡಿಸಿ ಫೋನಿನಲ್ಲಿ ಹಿಡಿದಿಟ್ಟಿದ್ದಳು. "ಫೋನ್ ಯಾಕ ತುಂಬಿಸ್ಕೊಂತಿ? ನನ್ನ ಡಬ್ಬ್ಯಾಗ ಹಾಕ್ತೇನಿ, ಅಳಿಸಿಬಿಡು" ಎಂದು ಅದನ್ನು ಅಳಿಸಿಸಿದ ಪುಣ್ಯಾತ್ಗಿತ್ತಿ ನಾನೇ.

ಮಧ್ಯಾಹ್ನ ಟಿವಿ ಮುಂದೆ ಓಣಿಯ ಹೆಂಗಸರೆಲ್ಲ ಕೂಡಿದರು. ಟಿವಿ ಮಾತ್ರ, ಸರ್ವರ್ ಕಾಣಿಸುತ್ತಿಲ್ಲ ಎಂದಿತು. ಒಳಗೆ ಹೋಗಿ ನೋಡಿದರೆ ಡಬ್ಬಿ ಗುಂಯ್ ಎನ್ನುತ್ತಿದೆ, ಆದರೆ ಕಾರ್ಡಿನ ಹಸಿರು ದೀಪ ಆರಿದೆ. ಡಬ್ಬಿಯನ್ನು ಆರಿಸಿ, ಬಿಚ್ಚಿ, ಕಾರ್ಡ್ ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ, ಮತ್ತೆ ಕೂಡಿಸಿದೆ. ದೀಪ ಬಂತು! "ಬಂತು ಬರ್ರಿ" ಎಂದು ಪಡಸಾಲೆಗೆ ಓಡುವಷ್ಟರಲ್ಲಿ ಹೋಯಿತು. ಮತ್ತೆ ಕಿತ್ತೆ, ತಿಕ್ಕಿದೆ, ಕೂಡಿಸಿದೆ. ಬಂತು, ಹೋಯಿತು.

"ವೈನಿ, ಹಾಡು ಐತೋ ಹೋತೋ? ಖರೇ ಹೇಳ್ರಿ" ಎಂದು ಗಂಗಾ ಬಾಗಿಲಲ್ಲಿ ನಿಂತಳು. ಅವಳ ಕಣ್ಣಲ್ಲಿ ನೀರಿತ್ತು.

"ಹಾಡು ಗಟ್ಟಿ ಐತವ್ವ. ಹೊರಗ ಬರೂ ಹಾದಿ ಅಷ್ಟ ಕೆಟ್ಟೇತಿ."

"ಹಂಗಂದ್ರ ನಮ್ಮ ಚಿಗವ್ವನ್ನ ಒಳಗ ಹಾಕಿ ಕೀಲಿ ಹಾಕೀರಿ ಅಂದಂಗಾತು."

ಈ ಮಾತು ನನಗೆ ನಾಟಿತು. ಕೇಬಲ್ಲೇ ಕೆಟ್ಟಿರಬಹುದೆಂದು ನಮ್ಮ ಮನೆಯವರನ್ನು ಬಜಾರಿಗೆ ಅಟ್ಟಿದೆ. ಅವರು ಬಹಳ ವಿಚಾರ ಮಾಡಿ ಡಿಶ್ ಟಿವಿಯ ವೈರ್ ತಂದರು. "ಎರಡೂ ವೈರ್ ಅಲ್ಲೇನು?" ಎಂದು ನನ್ನನ್ನೇ ಕೇಳಿದರು. ಅವರೊಡನೆ ವಾದ ಮಾಡುವ ಬದಲು ನಮ್ಮ ಕೇಬಲ್ಲನ್ನೇ ತುದಿಯಿಂದ ತುದಿಗೆ ಪರೀಕ್ಷಿಸೋಣವೆಂದು ಅದನ್ನು ಹಿಡಿದುಕೊಂಡು ಪಡಸಾಲೆಗೆ ಬಂದೆ. ತಲೆಯೆತ್ತಿ ನೋಡುತ್ತೇನೆ, ಕೇಬಲ್ ಕಾಣಲೊಲ್ಲದು! ಅದರ ಉದ್ದಕ್ಕೂ ಬೆಳ್ಳಗೆ, ತೆಳ್ಳಗೆ, ಮದುವೆಯ ಶಾವಿಗೆ ಜೋತಾಡುತ್ತಿತ್ತು. ಅತ್ತೆ ಸ್ಟೂಲಿನ ಮೇಲೆ ನಿಂತು ಇನ್ನೊಂದು ಹಸಿ ಎಳೆಗಟ್ಟು ಇಳಿಬಿಡುತ್ತಿದ್ದರು.

"ಅತ್ತಿ, ಏನ್ ಮಾಡಾಕತ್ತೀರಿ?"

"ಹೊರಗ ಧೂಳವ್ವ. ಈ ಹಗ್ಗ ಛಲೋ ಗಟ್ಟಿ ಐತಿ, ಫ್ಯಾನಿನ ಗಾಳಿನೂ ಬರ್ತೈತಿ. ಮುಂಜಾನಿಂದ ಹಾಕಾಕತ್ತೇನಿ."

ಈಗ ಎಲ್ಲ ತಿಳಿಯಿತು. ಶಾವಿಗೆಯ ಭಾರಕ್ಕೆ ಕೇಬಲ್ ಜಗ್ಗಿ, ಸ್ಕ್ರೂ ಇಲ್ಲದ ಕಾರ್ಡನ್ನು ಓರೆಯಾಗಿ ಎಳೆಯುತ್ತಿತ್ತು. ನಾನು ಕೂಡಿಸಿದಾಗಲೆಲ್ಲ ಅತ್ತೆ ಮತ್ತೊಂದು ಎಳೆ ಹಾಕುತ್ತಿದ್ದರು. ತೆಗೆಯೋಣವೆಂದರೆ, "ಮುಟ್ಟೀಯ ಮತ್ತ! ಅರ್ಧ ಒಣಗ್ಯಾವ. ಈಗ ಕೈ ಹಚ್ಚಿದ್ರ ತುಂಡಾಗ್ತಾವ. ತುಂಡು ಶಾವಿಗಿ ಒಯ್ದು ಬೀಗರ ಮುಂದ ಯಾವ ಮಾರಿ ತೋರಸಲಿ?" ಎಂದು ಅತ್ತೆ ಕೇಬಲ್ಲಿಗೆ ಅಡ್ಡ ನಿಂತರು. ಮನೆಯಲ್ಲಿದ್ದದ್ದು ಅದೊಂದೇ ಕೇಬಲ್. ಗಂಗಾ ಸಂಜೆಯ ಬಸ್ಸಿಗೆ ಹೋಗಲೇಬೇಕು.

ನಾನು ಒಳಗೆ ಹೋದೆ. ಕಾರ್ಡಿಗೆ ದಾರ ಕಟ್ಟಿದೆ, ಜಾರಿತು. ಕೊನೆಗೆ ತೋರುಬೆರಳಿನಿಂದ ಅದರ ಮೇಲಂಚನ್ನು ಮೆಲ್ಲಗೆ ಒತ್ತಿ ಹಿಡಿದೆ. ದೀಪ ಬಂತು, ನಿಂತಿತು. ನಮ್ಮ ಮನೆಯವರು "ಸರಿ, ನಾ ಒತ್ತತೇನಿ" ಎಂದು ಬಂದು ಕರೆಗಂಟೆ ಒತ್ತಿದಂತೆ ಒತ್ತಿದರು, ದೀಪ ಹೋಯಿತು. ಅವರನ್ನು ಹೊರಗೆ ಕಳಿಸಿ ಮಣೆ ಎಳೆದುಕೊಂಡು ಕುಳಿತೆ. ಶಾವಿಗೆ ಎಳೆದಷ್ಟು ನಾನು ಒತ್ತಬೇಕು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ.

ಪಡಸಾಲೆಯಲ್ಲಿ ಹಾಡು ಶುರುವಾಯಿತು. ಮುದುಕಿಯ ದನಿ ಕೇಳಿದ್ದೇ ಗದ್ದಲವೆಲ್ಲ ಅಡಗಿತು. ಅತ್ತೆ ಮೂಗು ಒರೆಸಿಕೊಂಡದ್ದು ಒಳಗಿನವರೆಗೂ ಕೇಳಿತು. ಆಮೇಲೆ ಎಲ್ಲರೂ ದನಿಗೂಡಿಸಿದರು. ತಪ್ಪಿದಲ್ಲಿ ನಿಲ್ಲಿಸಿ, ಹಿಂದಕ್ಕೆ ಹಾಕಿ, "ಅಲ್ಲಲ್ಲ, ಮುತ್ತ್ಯಾನ ಹೆಸರು ಮೊದಲ ಬರ್ತೈತಿ" ಎಂದು ಜಗಳಾಡಿ, ಮತ್ತೆ ಹಾಡಿದರು. ಆ ಗೊಂದಲದಲ್ಲಿ ಗೋಡೆಯಾಚೆಗಿದ್ದ ನನಗೆ ಒಂದು ಸಾಲೂ ನೆಟ್ಟಗೆ ದಕ್ಕಲಿಲ್ಲ. ನನ್ನ ಗಮನವೆಲ್ಲ ಹಸಿರು ದೀಪದ ಮೇಲಿತ್ತು. ಬೆರಳು ಜೋಮು ಹಿಡಿಯಿತು, ಬೆರಳು ಬದಲಿಸಿದೆ. ಮೂಗು ತುರಿಸಿತು, ಕೆರೆದುಕೊಳ್ಳದೆ ಬಿಟ್ಟೆ. ಶಾವಿಗೆ ಒಣಗುತ್ತಾ ಹಗುರಾಗುವ ಹೊತ್ತಿಗೆ ಗಂಗಾ ಪೂರ್ತಿ ಹಾಡು ಕಲಿತು ಬಸ್ಸು ಹತ್ತಿದಳು.

ಸಿಂದಗಿಯಲ್ಲಿ ಸುರಗಿ ಭರ್ಜರಿಯಾಯಿತು. ಓಣಿಯವರು ಹಾಡಿದರು, ಅತ್ತೆ ಹಾಡಿದರು, ಗಂಗಾ ಎಲ್ಲರಿಗಿಂತ ಎತ್ತರದ ದನಿಯಲ್ಲಿ ಹಾಡಿದಳು. ಬೀಗರ ಕಡೆಯ ಹೆಂಗಸರು ಬೆರಗಾಗಿ ನೋಡುತ್ತಿದ್ದರು. ಮದುಮಗಳ ಸೋದರಮಾವನ ಹೆಂಡತಿಯಾಗಿ ತಂಬಿಗೆ ಹಿಡಿದು ಎದುರಿಗೇ ನಿಂತಿದ್ದ ನಾನು, ಮರ್ಯಾದೆಗೆ ತಕ್ಕಂತೆ ಬಾಯಿ ಆಡಿಸುತ್ತಿದ್ದೆ. ನಡುವೆ ಗಂಗಾ ನನ್ನ ಕಡೆ ಬಾಗಿ, "ವೈನಿ, ದೀಪ ಹತ್ತೇತಿ, ದನಿ ಬರವಲ್ದಲ್ರಿ!" ಎಂದು ಕಿವಿಯಲ್ಲಿ ಅಂದಳು. ನಾನು ಇನ್ನಷ್ಟು ಜೋರಾಗಿ ಬಾಯಿ ಆಡಿಸಿದೆ.